ಹುಳುಗಳೆಲ್ಲ ಏಳುವ ತನಕ

ಆಗೆಲ್ಲ ನಮ್ಮೂರಿನಲ್ಲಿ ಒಬ್ಬರ ಮನೆಗೆ ಇನ್ನೊಬ್ಬರು ಹೋದರೆ ಮೊದಲು ಕೇಳುತ್ತಿದ್ದದ್ದು "ಹುಳ ಹೆಂಗವೆ?" ಎಂದು. ಮನೆಯವರು ಹೇಗಿದ್ದಾರೆ ಎಂಬುದು ಆಮೇಲಿನ ಮಾತು. ಹುಳ ಎಂದರೆ ರೇಷ್ಮೆ ಹುಳ. ಬೇರೆ ಹುಳದ ಸುದ್ದಿಯೇ ನಮಗೆ ಬೇಕಿರಲಿಲ್ಲ. ಚಿಂತಾಮಣಿ ತಾಲ್ಲೂಕಿನ ಕೆಂಚಾರ್ಲಹಳ್ಳಿಯಿಂದ ಸ್ವಲ್ಪ ಒಳಗಿದ್ದ ನಮ್ಮೂರಿನ ಸುತ್ತ ಹಿಪ್ಪುನೇರಳೆ ತೋಟಗಳಿದ್ದವು. ಶಾಲೆಯಿಂದ ಬರುತ್ತ ಗಿಡದ ಹಣ್ಣು ಕಿತ್ತು ತಿಂದು, ನಾಲಗೆ ಚಾಚಿ, ಯಾರದು ಹೆಚ್ಚು ಕಪ್ಪು ಎಂದು ಪಂದ್ಯ ಕಟ್ಟುತ್ತಿದ್ದೆವು. ನಾನು ಬರೆಯಹೊರಟಿರುವುದು ಎರಡು ಸಾವಿರದ ನಾಲ್ಕನೇ ಇಸವಿಯದೋ ಐದರದೋ ಇರಬೇಕು. ನಾನು ಏಳನೇ ಕ್ಲಾಸಿನಲ್ಲಿದ್ದೆ, ದಸರಾ ರಜ ಇತ್ತು ಎಂಬುದು ಮಾತ್ರ ಖಚಿತ. ಉಳಿದದ್ದರಲ್ಲಿ ನಿಜವಾಗಿ ನೆನಪಿರುವುದೆಷ್ಟು, ಹೇಳಿ ಹೇಳಿ ನಾನೇ ಕಟ್ಟಿಕೊಂಡದ್ದೆಷ್ಟು ಎಂದು ಬರೆಯುವ ಮೊದಲೇ ಅನುಮಾನ ಶುರುವಾಗಿದೆ.

ಹುಳದ ಮನೆಯ ವಾಸನೆಯನ್ನು ಮಾತ್ರ ನಾನು ಕಟ್ಟಿಕೊಂಡಿಲ್ಲ. ಹಸಿ ಸೊಪ್ಪು, ಸುಣ್ಣದ ಪುಡಿ, ಬ್ಲೀಚಿಂಗ್ ಪೌಡರ್, ಹುಳದ ಹಿಕ್ಕೆ ಎಲ್ಲ ಸೇರಿದ ವಾಸನೆ ಅದು. ನಮ್ಮ ಮನೆಯ ಹಿಂದೆ ಹೆಂಚು ಹೊದಿಸಿದ ಉದ್ದನೆಯ ಕೋಣೆಯಿತ್ತು. ಒಳಗೆ ಮರದ ಸ್ಟ್ಯಾಂಡುಗಳಲ್ಲಿ ಒಂದರ ಮೇಲೊಂದು ಬಿದಿರಿನ ತಟ್ಟೆಗಳು, ಇರುವೆ ಹತ್ತದಂತೆ ಸ್ಟ್ಯಾಂಡಿನ ಕಾಲುಗಳ ಕೆಳಗೆ ನೀರಿನ ಬಟ್ಟಲು. ಆ ವಾಸನೆ ನಮ್ಮ ಯೂನಿಫಾರ್ಮಿಗೂ ಹತ್ತಿಕೊಂಡಿರುತ್ತಿತ್ತು. ಕ್ಲಾಸಿನಲ್ಲಿ ಎಲ್ಲರ ಬಟ್ಟೆಯೂ ಹಾಗೇ ಇರುತ್ತಿದ್ದರಿಂದ ಯಾರೂ ಮೂಗು ಮುಚ್ಚಿಕೊಳ್ಳುತ್ತಿರಲಿಲ್ಲ.

ಆ ಕೋಣೆ ದೊಡ್ಡಮ್ಮನದು. ದೊಡ್ಡಪ್ಪ ನಾನು ಹುಟ್ಟುವ ಮೊದಲೇ ತೀರಿಕೊಂಡಿದ್ದರು. ತೋಟವನ್ನು ನಮ್ಮಪ್ಪ ನೋಡಿಕೊಂಡರೆ ಹುಳವನ್ನು ದೊಡ್ಡಮ್ಮ ನೋಡಿಕೊಳ್ಳುತ್ತಿದ್ದಳು. ಆಂಧ್ರದ ಕಡೆಯಿಂದ ಬಂದವಳು, ಸಿಟ್ಟು ಬಂದರೂ ಪ್ರೀತಿ ಬಂದರೂ ತೆಲುಗಿಗೆ ಹೊರಳುತ್ತಿದ್ದಳು. ಅವಳ ಕೈಗುಣ ದೊಡ್ಡದು ಎಂದು ಊರೇ ಹೇಳುತ್ತಿತ್ತು. ಬೇರೆ ಮನೆಯವರು ಹೊಸ ಬೆಳೆ ಶುರುಮಾಡಿದ ದಿನ ಮೊದಲ ಸೊಪ್ಪು ಹಾಕಿಸಲು ಅವಳನ್ನು ಕರೆದುಕೊಂಡು ಹೋಗುತ್ತಿದ್ದರು. ನಮ್ಮಮ್ಮ ಮದುವೆಯಾಗಿ ಬಂದ ಹದಿನಾಲ್ಕು ವರ್ಷದಲ್ಲಿ ಸೊಪ್ಪು ಕೊಯ್ದಿದ್ದಳು, ಹೊತ್ತಿದ್ದಳು, ತಟ್ಟೆ ತೊಳೆದಿದ್ದಳು, ಕಸ ತೆಗೆದಿದ್ದಳು. ಆದರೆ ಯಾವತ್ತು ಎಷ್ಟು ಸೊಪ್ಪು ಹಾಕಬೇಕು, ಯಾವಾಗ ನಿಲ್ಲಿಸಬೇಕು ಎಂದು ಹೇಳುವುದು ದೊಡ್ಡಮ್ಮನೇ. ಅಮ್ಮನ ಕೈಯ ಬಗ್ಗೆ ಊರಿನಲ್ಲಿ ಒಳ್ಳೆಯ ಮಾತೂ ಇರಲಿಲ್ಲ, ಕೆಟ್ಟ ಮಾತೂ ಇರಲಿಲ್ಲ. ಅವಳಿಗೊಂದು ಕೈ ಇದೆ ಎಂದು ಯಾರೂ ಯೋಚಿಸಿಯೇ ಇರಲಿಲ್ಲ.

ಆ ವರ್ಷ ದೊಡ್ಡಮ್ಮನ ಬಲಗಣ್ಣಿಗೆ ಪೊರೆ ಬಂದು ಚಿಂತಾಮಣಿಯಲ್ಲಿ ಆಪರೇಷನ್ ಆಯಿತು. ಒಂದು ತಿಂಗಳು ಸುಣ್ಣ, ಧೂಳು ಇರುವ ಕಡೆ ಕಾಲಿಡಕೂಡದು ಎಂದು ಡಾಕ್ಟರು ಹೇಳಿ ಕಳಿಸಿದರು. ತೋಟದಲ್ಲಿ ನೋಡಿದರೆ ಸೊಪ್ಪು ಎದೆಮಟ್ಟ ಬಂದಿತ್ತು.

"ಈ ಬೆಳೆ ಬಿಟ್ಟುಬಿಡಣ. ಸೊಪ್ಪು ಯಾರಿಗಾದ್ರೂ ಕೊಟ್ರಾಯ್ತು," ಅಂದ ಅಪ್ಪ.

"ನಾನು ಮೇಯಿಸ್ತೀನಿ," ಅಂದಳು ಅಮ್ಮ. ಮುದ್ದೆ ಕಟ್ಟುತ್ತಿದ್ದಳು, ತಲೆ ಎತ್ತಲಿಲ್ಲ.

ದೊಡ್ಡಮ್ಮ ಪಟ್ಟಿ ಕಟ್ಟಿದ ಮುಖವನ್ನು ಅವಳ ಕಡೆ ತಿರುಗಿಸಿದಳು. "ಮುದ್ದೆ ಕಟ್ಟಿದಂಗಲ್ಲ ಕಣೇ ರತ್ನಾ, ಹುಳ ಮೇಯಿಸೋದು."

"ಹದಿನಾಲ್ಕು ವರ್ಷದಿಂದ ನಿನ್ನ ಹಿಂದೇನೇ ನಿಂತಿದ್ದೀನಲ್ಲ ಅಕ್ಕ."

"ಹಿಂದೆ ನಿಂತಿದ್ದೆ. ಸರಿ, ಈ ಸಲ ಮುಂದೆ ನಿಂತ್ಕೋ. ಕೆಟ್ರೆ ಮಾತ್ರ ಇದೇ ಮೊದಲು, ಇದೇ ಕೊನೆ. ಆಮೇಲೆ ನಾನು ಇರೋ ತನಕ ಹುಳದ ಮನೇಲಿ ನಿನ್ನ ಮಾತು ಇರಕೂಡ್ದು."

ಅಮ್ಮ "ಹೂಂ" ಅಂದು ಮುದ್ದೆಯನ್ನು ದೊಡ್ಡಮ್ಮನ ತಟ್ಟೆಗೆ ಇಟ್ಟಳು. ಆ "ಹೂಂ" ಎಷ್ಟು ಭಾರದ್ದು ಎಂದು ನನಗೆ ಆಗಲೇ ಗೊತ್ತಾಯಿತೆಂದು ಬರೆದರೆ ಅದು ಸುಳ್ಳು. ಅಮ್ಮ ಗೆಲ್ಲಬೇಕು ಎಂದು ಮಾತ್ರ ಅನ್ನಿಸಿತ್ತು, ಕೊಕ್ಕೋ ಆಟದಲ್ಲಿ ನಮ್ಮ ಕಡೆಯವರು ಗೆಲ್ಲಬೇಕು ಅನ್ನಿಸುವ ಹಾಗೆ.

ಮೊಟ್ಟೆ ತಂದ ದಿನದಿಂದ ಅಮ್ಮ ಬೇರೆಯೇ ಹೆಂಗಸಾದಳು. ದೊಡ್ಡಮ್ಮನಿಗೆ ಎಲ್ಲವೂ ಕೈಯಲ್ಲಿತ್ತು, ಯಾಕೆ ಎಂದು ಕೇಳಿದರೆ ಹೇಳಲು ಬರುತ್ತಿರಲಿಲ್ಲ. ಅಮ್ಮ ಎಲ್ಲವನ್ನೂ ಬರೆಸಿದಳು. ತಾನು ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳು, ಬರೆದರೆ ನಿಧಾನ. ಅದಕ್ಕೆ ನನ್ನ ಹಳೆಯ ಸಮಾಜ ನೋಟ್‌ಬುಕ್ಕಿನ ಖಾಲಿ ಹಾಳೆಗಳಲ್ಲಿ ಅವಳು ಹೇಳುವುದು, ನಾನು ಬರೆಯುವುದು. ಬೆಳಿಗ್ಗೆ ಸೊಪ್ಪು ಎಷ್ಟು ಹೊತ್ತಿಗೆ ಹಾಕಿದ್ದು, ಯಾವ ತಟ್ಟೆಯಲ್ಲಿ ಉಳಿಯಿತು, ಹುಳದ ಬಣ್ಣ ಹೇಗಿದೆ, ಕಿಟಕಿಯ ಗೋಣಿಚೀಲ ಒದ್ದೆ ಮಾಡಿದ್ದು ಎಷ್ಟು ಸಲ, ಹೀಗೆ. ನಾನು ಇವತ್ತಿಗೂ ಡೈರಿ ಬರೆಯುವುದು ಅಲ್ಲಿಂದ ಬಂದ ಚಾಳಿ ಎಂದು ಹೇಳಿಕೊಳ್ಳುತ್ತೇನೆ. ಇದ್ದರೂ ಇರಬಹುದು.

ಬಾಗಿಲಲ್ಲಿ ಬ್ಲೀಚಿಂಗ್ ನೀರಿನಲ್ಲಿ ಕಾಲು ಅದ್ದಿ ಒಳಗೆ ಹೋದರೆ ಮೊದಲು ಒಂದು ಸುತ್ತು ಬರಿಗೈಯಲ್ಲಿ. ಅಮ್ಮ ಎರಡೂ ಕೈ ಬೆನ್ನಿಗೆ ಕಟ್ಟಿಕೊಂಡು ಒಂದೊಂದು ತಟ್ಟೆಯ ಮುಂದೆಯೂ ನಿಲ್ಲುತ್ತಿದ್ದಳು, ಬಗ್ಗಿ ನೋಡುತ್ತಿದ್ದಳು, ಕಿವಿಗೊಡುತ್ತಿದ್ದಳು. ಆಮೇಲೆ ಹೊರಗೆ ಬಂದು ಸೊಪ್ಪಿನ ಬುಟ್ಟಿ ಎತ್ತಿಕೊಳ್ಳುತ್ತಿದ್ದಳು.

"ಒಂದೇ ಸಲ ಸೊಪ್ಪು ತಗೊಂಡೇ ಹೋಗಬಾರ್ದಾ? ಎರಡೆರಡು ಸಲ ಯಾಕೆ?" ಅಂದೆ.

"ಕೈಯಲ್ಲಿ ಸೊಪ್ಪಿದ್ರೆ ಹಾಕಣ ಅನ್ಸುತ್ತೆ ಕಣಮ್ಮ. ಬರಿಗೈಲಿ ಹೋದ್ರೆ ನೋಡಣ ಅನ್ಸುತ್ತೆ."

ನನಗೆ ಅದು ದಂಡದ ಕೆಲಸದಂತೆ ಕಾಣುತ್ತಿತ್ತು. ಮೇಷ್ಟ್ರು ಪ್ರಶ್ನೆ ಮುಗಿಸುವ ಮೊದಲೇ ಕೈ ಎತ್ತುವ ಹುಡುಗಿ ನಾನು. ಲೆಕ್ಕ ಮೊದಲು ಮುಗಿಸುವುದು, ಮುದ್ದೆ ಮೊದಲು ನುಂಗುವುದು, ಎಲ್ಲದರಲ್ಲೂ ಮೊದಲು. ಅದಕ್ಕಾಗಿ ಶಾಲೆಯಲ್ಲಿ ಹೊಗಳಿಸಿಕೊಂಡಿದ್ದೆ ಕೂಡ. "ನಿನ್ನ ಕೈ ನಿನ್ನ ಕಣ್ಣಿಗಿಂತ ಮುಂದೆ ಐತೆ," ಎಂದು ಅಮ್ಮ ಹೇಳಿದರೆ ಅದನ್ನೂ ಹೊಗಳಿಕೆ ಎಂದೇ ತಿಳಿದಿದ್ದೆ.

ರೇಷ್ಮೆ ಹುಳ ಗೂಡು ಕಟ್ಟುವ ಮೊದಲು ನಾಲ್ಕು ಸಲ ಚರ್ಮ ಕಳಚುತ್ತದೆ. ಅದಕ್ಕೆ ನಮ್ಮಲ್ಲಿ ಜ್ವರ ಅನ್ನುತ್ತಾರೆ. ಜ್ವರಕ್ಕೆ ಕೂತ ಹುಳ ತಿನ್ನುವುದಿಲ್ಲ, ಹರಿದಾಡುವುದಿಲ್ಲ, ತಲೆಯನ್ನು ಸ್ವಲ್ಪ ಎತ್ತಿಕೊಂಡು ಒಂದು ಹಗಲು ಒಂದು ರಾತ್ರಿ ಸುಮ್ಮನಿರುತ್ತದೆ. ಆಮೇಲೆ ಹಳೆಯ ಚರ್ಮದಿಂದ ಹೊರಗೆ ಬಂದು ಏಳುತ್ತದೆ. ಎಲ್ಲವೂ ಒಟ್ಟಿಗೆ ಏಳುವುದಿಲ್ಲ. ಮೊದಲು ಎದ್ದವಕ್ಕೆ ಸೊಪ್ಪು ಹಾಕಿಬಿಟ್ಟರೆ ಅವು ತಿಂದು ಬೆಳೆಯುತ್ತವೆ, ಏಳದೆ ಇರುವವು ಸೊಪ್ಪಿನಡಿ ಹೂತು ತೇವಕ್ಕೆ ಕೆಡುತ್ತವೆ. ಉಳಿದರೂ ಚಿಕ್ಕವಾಗೇ ಉಳಿಯುತ್ತವೆ. ಒಂದೇ ತಟ್ಟೆಯಲ್ಲಿ ಹಿರಿಯವೂ ಕಿರಿಯವೂ ಆದರೆ ಆ ಬೆಳೆ ಹೋದಂತೆಯೇ.

ಮೂರನೇ ಜ್ವರ ಬಂದ ಮಾರನೆಯ ದಿನವೇ ದೊಡ್ಡಮ್ಮನ ಕಣ್ಣು ತೋರಿಸಲು ಹೋಗಬೇಕಾಯಿತು. ಅಪ್ಪನ ಜೊತೆ ಹೋಗಲು ಅವಳು ಒಪ್ಪಲಿಲ್ಲ. ರತ್ನನೇ ಬರಬೇಕು. ಎಂಟು ಗಂಟೆಯ ಬಸ್ಸಿಗೆ ಹೊರಡುವ ಮೊದಲು ಅಮ್ಮ ನನ್ನನ್ನು ಹುಳದ ಮನೆಯ ಬಾಗಿಲಿಗೆ ಕರೆದುಕೊಂಡು ಹೋದಳು.

"ನೋಡು ಮಂಜಿ, ಮಧ್ಯಾಹ್ನಕ್ಕೆ ಏಳಕ್ಕೆ ಶುರುಮಾಡ್ತವೆ. ಎದ್ದು ತಲೆ ಆಡಿಸ್ತವೆ, ಸೊಪ್ಪು ಹುಡುಕ್ತವೆ. ನೀನು ಹಾಕಬೇಡ. ಎಲ್ಲ ಏಳಲಿ."

"ಎದ್ದವಕ್ಕೆ ಹಸಿವಾಗಲ್ವಾ?"

"ಎದ್ದಿದ್ದು ಅರ್ಧ ದಿನ ಕಾಯುತ್ತೆ, ಏನೂ ಆಗಲ್ಲ. ಮಲಗಿರೋದನ್ನ ನಾವು ಕಾಯಬೇಕು."

ಅಪ್ಪ ತೋಟಕ್ಕೆ ಹೋದ. ನಾನು ಬಾಗಿಲ ಕಲ್ಲಿನ ಮೇಲೆ ಕೂತು ಬೇಯಿಸಿದ ಹಸಿ ಕಡಲೇಕಾಯಿ ತಿನ್ನುತ್ತ, ಒಬ್ಬಳೇ ಅಣ್ಣೆಕಲ್ಲು ಆಡುತ್ತ ಕಾದೆ. ಪ್ರತಿ ಸಲವೂ ಕೈ ತೊಳೆದು, ಕಾಲು ಅದ್ದಿ ಒಳಗೆ ಹೋಗಿ ನೋಡುತ್ತಿದ್ದೆ. ಬಿಸಿಲು ಅಂಗಳದ ನಡುವಿಗೆ ಬರುವ ಹೊತ್ತಿಗೆ ಹುಳಗಳು ಎದ್ದಿದ್ದವು. ತಲೆ ಎತ್ತಿ ಆ ಕಡೆ ಈ ಕಡೆ ತೂಗುತ್ತಿದ್ದವು. ಏಳದೆ ಇದ್ದವೂ ತಲೆ ಎತ್ತಿಯೇ ಇರುತ್ತವೆ ಎಂಬುದನ್ನು ನನ್ನ ಕಣ್ಣು ಬೇರ್ಪಡಿಸಲಿಲ್ಲ. ನನಗೆ ಕಂಡದ್ದು ನೂರಾರು ತಲೆ, ಎಲ್ಲವೂ ನನ್ನ ಕಡೆಗೇ.

ಆಗ ಯಾಕೆ ಹಾಗೆ ಮಾಡಿದೆ? ಪಾಪ ಅನ್ನಿಸಿತು ಎಂದು ಬಹಳ ವರ್ಷ ಹೇಳಿಕೊಂಡು ಬಂದಿದ್ದೇನೆ. ಅದು ಅರ್ಧ ನಿಜ. ಅಮ್ಮ ಬರುವಷ್ಟರಲ್ಲಿ ಎಲ್ಲ ಮುಗಿಸಿಟ್ಟು, ಮಂಜಿ ಒಬ್ಬಳೇ ಮಾಡಿದಳು ಎಂದು ಅನ್ನಿಸಿಕೊಳ್ಳುವ ಆಸೆಯೂ ಇತ್ತು. ಒದ್ದೆ ಬಟ್ಟೆಯಡಿ ಮುಚ್ಚಿಟ್ಟಿದ್ದ ಸೊಪ್ಪಿನ ಬುಟ್ಟಿ ಎತ್ತಿಕೊಂಡು ಒಳಗೆ ಹೋದೆ. ಹದಿನಾಲ್ಕು ತಟ್ಟೆಗಳಲ್ಲಿ ಐದಕ್ಕೆ ಹಾಕಿದ ಮೇಲೆ, ಆರನೆಯದಕ್ಕೆ ಬಗ್ಗಿದಾಗ, ಬಾಗಿಲಿನ ಬೆಳಕು ಅದರ ಮೇಲೆ ನೇರವಾಗಿ ಬಿದ್ದಿತ್ತು. ಅರ್ಧಕ್ಕರ್ಧ ಹುಳ ಅಲುಗುತ್ತಿರಲಿಲ್ಲ. ಹಳೆಯ ಚರ್ಮದ ಹಳದಿ ಮಿರುಗು ಇನ್ನೂ ಮೈಮೇಲಿತ್ತು.

ಹಾಕಿದ ಸೊಪ್ಪು ತೆಗೆಯಲು ನೋಡಿದೆ. ಎದ್ದ ಹುಳಗಳು ಆಗಲೇ ಕಚ್ಚಿಕೊಂಡಿದ್ದವು. ಎಳೆದರೆ ಎಲ್ಲಿ ಸಾಯುತ್ತವೋ ಎಂದು ಬಿಟ್ಟೆ. ಹೊರಗೆ ಬಂದು ಬುಟ್ಟಿಯನ್ನು ಮೊದಲಿನ ಹಾಗೇ ಮುಚ್ಚಿಟ್ಟೆ. ಆಮೇಲೆ ನೋಟ್‌ಬುಕ್ ತೆಗೆದು ಬರೆದೆ: "ಮಧ್ಯಾಹ್ನ. ಹುಳ ಏಳುತ್ತಿವೆ. ಸೊಪ್ಪು ಹಾಕಿಲ್ಲ."

ನಾಲ್ಕು ಗಂಟೆಯ ಬಸ್ಸಿಗೆ ಅವರು ಬಂದರು. ದೊಡ್ಡಮ್ಮ ಕಪ್ಪು ಕನ್ನಡಕ ಹಾಕಿಕೊಂಡು ಜಗಲಿಯ ಮೇಲೆ ಕೂತಳು. ಅಮ್ಮ ಸೀರೆಯನ್ನೂ ಬದಲಿಸದೆ ಕಾಲು ಅದ್ದಿ ಒಳಗೆ ಹೋದಳು, ಕೈ ಬೆನ್ನಿಗೆ ಕಟ್ಟಿಕೊಂಡು. ನಾನು ಹಿಂದೆ ಹೋದೆ. ಮೊದಲನೇ ತಟ್ಟೆಯ ಮುಂದೆ ಅವಳು ನಿಂತದ್ದು ಬಹಳ ಹೊತ್ತು ಅನ್ನಿಸಿತು.

ಹೊರಗಿನಿಂದ ದೊಡ್ಡಮ್ಮ, "ಏಮೇ, ಲೇಸಿನಾಯಾ?" ಎಂದು ಕೂಗಿದಳು. ಎದ್ದವಾ ಎಂದು ಕೇಳುತ್ತಿದ್ದಳು.

"ಏಳ್ತಾ ಅವೆ ಅಕ್ಕ. ಕೆಲವು ಮುಂದೆ, ಕೆಲವು ಹಿಂದೆ." ಅಮ್ಮನ ದನಿಯಲ್ಲಿ ಏನೂ ಇರಲಿಲ್ಲ. ನನ್ನ ಕಡೆ ತಿರುಗಿ ಮೆಲ್ಲಗೆ ಅಂದಳು, "ಪುಸ್ತಕ ತಾ. ಓದು."

ಓದಿದೆ. "ಸೊಪ್ಪು ಹಾಕಿಲ್ಲ."

"ಇನ್ನೊಂದ್ ಸಲ ಓದು."

ಇಲ್ಲಿ ನಾನು ಎಚ್ಚರವಾಗಿರಬೇಕು. ನಾನೇ ಓಡಿಹೋಗಿ ಅಮ್ಮನಿಗೆ ತಪ್ಪೊಪ್ಪಿಕೊಂಡೆ ಎಂದು ಹಾಸ್ಟೆಲ್ಲಿನಲ್ಲಿ, ಆಮೇಲೆ ಕೆಲಸದ ಜಾಗದಲ್ಲಿ, ಎಷ್ಟೋ ಸಲ ಹೇಳಿದ್ದೇನೆ. ಹೇಳುವಾಗ ಅದು ನನ್ನ ಕಣ್ಣಿಗೆ ಕಟ್ಟುತ್ತಲೂ ಇತ್ತು. ಕೆಲವು ವರ್ಷಗಳ ಹಿಂದೆ ಟ್ರಂಕಿನಲ್ಲಿ ಆ ನೋಟ್‌ಬುಕ್ ಸಿಕ್ಕಿತು. "ಸೊಪ್ಪು ಹಾಕಿಲ್ಲ" ಎಂಬುದರ ಮೇಲೆ ಒಂದು ಗೀಟು, ಅದರ ಕೆಳಗೆ ನನ್ನದೇ ಅಕ್ಷರದಲ್ಲಿ: "ಐದು ತಟ್ಟೆಗೆ ಹಾಕಿದೆ. ಮಂಜುಳಾ." ಓಡಿಹೋಗಿ ಹೇಳಿದವಳು ಮೊದಲು ಸುಳ್ಳು ಬರೆಯುತ್ತಿರಲಿಲ್ಲ. ಆ ಪುಟ ಸಿಗದಿದ್ದರೆ ಇವತ್ತಿಗೂ ನಾನು ನನ್ನನ್ನು ನಂಬಿಕೊಂಡಿರುತ್ತಿದ್ದೆ.

ಎರಡನೇ ಸಲ ಓದಲು ನನ್ನಿಂದ ಆಗಲಿಲ್ಲ. ಅತ್ತುಬಿಟ್ಟೆ. ಅಮ್ಮ ಹೊಡೆಯಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ.

"ಅಳು ಆಮೇಲೆ. ಎಷ್ಟು ತಟ್ಟೆ?"

"ಐದು."

"ಎಷ್ಟು ಹೊತ್ತಿಗೆ?"

"ಹನ್ನೆರಡಕ್ಕೆ."

"ಅದನ್ನ ಬರಿ. ನೀನು ಸೊಪ್ಪು ಹಾಕಿದ್ದಕ್ಕೆ ಐದು ತಟ್ಟೆ ಕೆಡುತ್ತೆ. ಸುಳ್ಳು ಬರೆದ್ರೆ ನಾಳೆ ನಾನು ಅದನ್ನ ನಂಬ್ಕೊಂಡು ಹದಿನಾಲ್ಕೂ ಕೆಡಿಸ್ತೀನಿ."

ಸತ್ಯದ ಬಗ್ಗೆ ನಾನು ಆಮೇಲೆ ಕೇಳಿದ, ಓದಿದ ಯಾವ ಮಾತೂ ಇಷ್ಟು ನೇರವಾಗಿರಲಿಲ್ಲ. ಬರೆದೆ. ಅಮ್ಮ ಹೊರಗೆ ಗೋಡೆಗೆ ಒರಗಿಸಿದ್ದ ಖಾಲಿ ತಟ್ಟೆಗಳಲ್ಲಿ ಐದನ್ನು ತಂದಳು. ಬೆಳಕು ಇರುವಾಗಲೇ ಮುಗಿಸಬೇಕಿತ್ತು. ಎದ್ದ ಹುಳಗಳನ್ನು ಅವು ಹತ್ತಿದ್ದ ಸೊಪ್ಪಿನ ಸಮೇತ ಎತ್ತಿ ಹೊಸ ತಟ್ಟೆಗೆ ಇಡಬೇಕು. ಏಳದವನ್ನು ಅಲ್ಲೇ ಬಿಟ್ಟು, ಮೇಲೆ ಉಳಿದ ಎಲೆ ಚೂರುಗಳನ್ನು ಒಂದೊಂದಾಗಿ ಆರಿಸಿ, ಸುಣ್ಣದ ಪುಡಿಯನ್ನು ತೆಳ್ಳಗೆ ಉದುರಿಸಬೇಕು. ಎರಡು ಬೆರಳಲ್ಲಿ ಎಲೆಯ ತೊಟ್ಟು ಮಾತ್ರ ಹಿಡಿಯಬೇಕು, ಹುಳ ಮುಟ್ಟಬಾರದು. ಮೊದಮೊದಲು ಪ್ರತಿ ಎಲೆಗೂ ಅಮ್ಮನನ್ನು ಕೇಳುತ್ತಿದ್ದೆ. ಮೂರನೇ ತಟ್ಟೆಯ ಹೊತ್ತಿಗೆ ಏಳದ ಹುಳ ಯಾವುದು, ಎದ್ದದ್ದು ಯಾವುದು ಎಂದು ಕಣ್ಣಿಗೆ ತಾನಾಗಿ ಕಾಣತೊಡಗಿತು. ಎದ್ದದ್ದರ ಮೈ ಮಾಸಲು, ತಲೆ ದೊಡ್ಡದು. ಏಳದ್ದರ ಮೈ ಮಿರುಗು. ಬೆಳಿಗ್ಗೆಯಿಂದ ನನ್ನ ಮುಂದೆಯೇ ಇತ್ತು ಅದು. ಒಂದು ಹಿಡಿಯಷ್ಟು ಹುಳ ಸತ್ತಿದ್ದವು. ಅಮ್ಮ ಅವನ್ನು ಕಾಗದದಲ್ಲಿ ಕಟ್ಟಿ ಹೊರಗೆ ಹೂಳಲು ನನ್ನ ಕೈಗೇ ಕೊಟ್ಟಳು.

ಮಾರನೆಯ ಬೆಳಿಗ್ಗೆ ಜಗಲಿಯಲ್ಲಿ ದೊಡ್ಡಮ್ಮನಿಗೆ ಕಾಫಿ ಕೊಡಲು ಹೋದೆ.

"ಗೋಡೆ ಹತ್ರ ಐದು ತಟ್ಟೆ ಕಡಿಮೆ ಅವಲ್ಲೇ," ಅಂದಳು. "ಒಂದು ಕಣ್ಣು ಕೆಟ್ರೆ ಇನ್ನೊಂದೂ ಕಾಣಲ್ಲ ಅಂದ್ಕೊಂಡ್ರಾ ತಾಯಿ ಮಗಳು? ಏನ್ ಮಾಡಿದ್ಳು ನಿಮ್ಮಮ್ಮ?"

"ಅಮ್ಮ ಅಲ್ಲ ದೊಡ್ಡಮ್ಮ. ನಾನು ಹಾಕಿದ್ದು."

ಈ ಮಾತು ನಾನು ಆಡಿದೆ ಎನ್ನುವುದಕ್ಕೆ ನೋಟ್‌ಬುಕ್ಕಿನಲ್ಲಿ ಸಾಕ್ಷಿ ಇಲ್ಲ. ಕೇಳಿಸಿಕೊಂಡವಳು ದೊಡ್ಡಮ್ಮ ಒಬ್ಬಳೇ, ಅವಳು ಈಗ ಇಲ್ಲ. ಆಡಿದೆ ಎಂದೇ ನಂಬಿದ್ದೇನೆ, ಯಾಕೆಂದರೆ ಅವಳು ಆಮೇಲೆ ಹೇಳಿದ್ದನ್ನು ನಾನು ಕಟ್ಟಿಕೊಳ್ಳಲು ಸಾಧ್ಯವಿರಲಿಲ್ಲ.

ಅವಳು ಕಾಫಿ ಆರಿಸಿ ಒಂದು ಗುಟುಕು ಕುಡಿದಳು. "ಬರೀ ಐದಾ? ನಾನು ಹೊಸದ್ರಲ್ಲಿ ಎಲ್ಲಾ ತಟ್ಟೆಗೂ ಹಾಕಿದ್ದೆ. ನಿಮ್ಮಜ್ಜಿ ಅಷ್ಟನ್ನೂ ತಿಪ್ಪೆಗೆ ಸುರಿಸಿದ್ಳು, ನನ್ನ ಕೈಲೇ."

"ಮತ್ತೆ ನಿನ್ನ ಕೈಗುಣ?"

"ಅದು ಊರೋರು ಅಂದಿದ್ದು. ಒಳ್ಳೆ ಮಾತು ಆಡ್ತಾರೆ, ಬೇಡ ಅಂತ ಯಾಕನ್ಲಿ?" ಎಂದು ನಕ್ಕಳು. ಆಮೇಲೆ ಲೋಟ ನನ್ನ ಕೈಗೆ ಕೊಟ್ಟು ಅಂದಳು, "ನಿಮ್ಮಮ್ಮನಿಗೆ ಇದೆಲ್ಲ ಹೇಳಬೇಡ. ನಾನು ಆಡಿದ ಮಾತು ಹಂಗೇ ಐತೆ. ಗೂಡು ಬರಲಿ, ನೋಡಣ."

ಅಲ್ಲಿಂದ ಗೂಡಿನ ತನಕ ನಾನು ಆಟಕ್ಕೆ ಹೋದದ್ದು ಕಡಿಮೆ. ಐದು ತಟ್ಟೆ ಹಿಂದೆ ಉಳಿದಿದ್ದರಿಂದ ಅಮ್ಮ ಅವಕ್ಕೆ ಬೇರೆ ಹೊತ್ತು, ಬೇರೆ ಸೊಪ್ಪು ಗೊತ್ತು ಮಾಡಿದಳು. ನಾನು ಬೇರೆ ಪುಟ ಮಾಡಿದೆ. ನಾಲ್ಕನೇ ಜ್ವರದ ದಿನ ಅಮ್ಮ ನನ್ನನ್ನೇ ಕೇಳಿದಳು, "ಹಾಕಣ್ವಾ?" ನಾನು ಎರಡು ಸಲ ಸುತ್ತು ಹಾಕಿ ಬಂದು "ಇನ್ನೂ ಇಲ್ಲ" ಅಂದೆ. ಅವಳು ತಾನು ಹೋಗಿ ನೋಡಲಿಲ್ಲ. ಬುಟ್ಟಿಯನ್ನು ಕೆಳಗಿಟ್ಟು ಕೂತಳು. ಪರೀಕ್ಷೆಗಳಲ್ಲಿ ಎಷ್ಟೋ ಅಂಕ ಬಂದಿವೆ, ಬಹುಮಾನ ಬಂದಿವೆ. ಅಮ್ಮ ಬುಟ್ಟಿ ಕೆಳಗಿಟ್ಟದ್ದರಷ್ಟು ಯಾವುದೂ ನನ್ನನ್ನು ಎತ್ತರ ಮಾಡಿಲ್ಲ.

ಹುಳ ಹಣ್ಣಾದವು. ಮೈ ದ್ರಾಕ್ಷಿಯ ಹಾಗೆ ಬೆಳಕಿಗೆ ಪಾರಾಗುತ್ತಿತ್ತು. ಆರಿಸಿ ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆ ತಟ್ಟಿಗಳ ಮೇಲೆ ಬಿಟ್ಟೆವು. ಹಿಂದೆ ಉಳಿದವು ಒಂದು ದಿನ ತಡವಾಗಿ ಹಣ್ಣಾದವು. "ಎಲ್ಲಾ ಒಂದೇ ದಿನ ಆಗಿದ್ರೆ ನಮ್ಮ ಮೂರು ಜನದ ಕೈಲಿ ಆಗ್ತಿರ್ಲಿಲ್ಲ. ಮಂಜಿ ಯೋಚ್ನೆ ಮಾಡೇ ಸೊಪ್ಪು ಹಾಕವಳೆ," ಎಂದು ಅಪ್ಪ ನನ್ನ ಕಾಲೆಳೆದ.

ಅಪ್ಪ ಗೂಡು ತುಂಬಿಕೊಂಡು ಶಿಡ್ಲಘಟ್ಟದ ಮಾರುಕಟ್ಟೆಗೆ ಹೋಗಿ ಬಂದವನು ಮೆಟ್ಟಿಲ ಮೇಲೇ ನಿಂತು ಹೇಳಿದ. ಪ್ರತಿ ಸಲ ನಮ್ಮ ಗೂಡು ಕೊಳ್ಳುವ ವಯಸ್ಸಾದ ಸಾಹೇಬರು ಒಂದು ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಇನ್ನೊಂದನ್ನು ಬೆರಳಲ್ಲಿ ಒತ್ತಿ ನೋಡಿದರಂತೆ. "ಅತ್ತಿಗೆಯವರ ಕಣ್ಣು ವಾಸಿ ಆಯ್ತಾ?" ಎಂದು ಕೇಳಿದರಂತೆ. "ಅತ್ತಿಗೆ ಒಳಗೇ ಹೋಗಿಲ್ಲ ಸಾಬ್, ನಮ್ಮ ಮನೆಯವಳು ಮೇಯಿಸಿದ್ದು," ಅಂದನಂತೆ ಅಪ್ಪ. ಇದನ್ನು ಅಂಗಳದಲ್ಲಿ ಒಂದು ಸಲ, ಊಟಕ್ಕೆ ಕೂತಾಗ ಒಂದು ಸಲ, ಪಕ್ಕದ ಮನೆಯವರು ಬಂದಾಗ ಇನ್ನೊಂದು ಸಲ ಹೇಳಿದ.

ದೊಡ್ಡಮ್ಮ ಮನೆಯಲ್ಲಿ ಉಳಿಸಿಕೊಂಡಿದ್ದ ಒಂದು ಹಿಡಿ ಗೂಡನ್ನು ಮಡಿಲಲ್ಲಿ ಇಟ್ಟುಕೊಂಡು ಒಂದೊಂದನ್ನೇ ಒತ್ತಿ ನೋಡಿದಳು. ಕೊನೆಗೆ ಅಪ್ಪನಿಗೆ ಅಂದಳು, "ಮುಂದಿನ ಸಲ ಮೊಟ್ಟೆ ತರೋವಾಗ ಎಷ್ಟು ತರಬೇಕು ಅಂತ ರತ್ನನ್ನ ಕೇಳು."

ಅಷ್ಟೇ. ಅಮ್ಮ ಎದ್ದು ತಟ್ಟೆ ತೊಳೆಯಲು ಹೋದಳು, ಹದಿನಾಲ್ಕು ವರ್ಷ ಹೋದ ಹಾಗೇ. ಆದರೆ ಅಂದಿನಿಂದ ಎಷ್ಟೋ ವರ್ಷ ಆ ಕೋಣೆಯಲ್ಲಿ ನಡೆದದ್ದು ಅವಳ ಮಾತು. ಪಕ್ಕದ ಊರಿನ ಹೆಂಗಸರೂ ಬಂದು ಕೇಳಿಕೊಂಡು ಹೋಗುತ್ತಿದ್ದರು. ಅವರು "ನಿನ್ನ ಕೈಗುಣ" ಎಂದಾಗಲೆಲ್ಲ ಅವಳು ನೋಟ್‌ಬುಕ್ ತಂದು ಮುಂದಿಡುತ್ತಿದ್ದಳು. ಈ ಹೆಮ್ಮೆಯನ್ನು ಮಾತ್ರ ನಾನು ಅನುಮಾನಿಸುವುದಿಲ್ಲ.

ಈಗ ನಮ್ಮ ಮನೆಯಲ್ಲಿ ಹುಳ ಇಲ್ಲ. ಊರಿನಲ್ಲಿ ಮೇಯಿಸುವವರು ದೊಡ್ಡ ಶೆಡ್ಡು ಕಟ್ಟಿದ್ದಾರೆ, ಎರಡು ಜ್ವರ ಕಳೆದ ಹುಳವನ್ನೇ ತರುತ್ತಾರೆ, ಕೊಂಬೆ ಸಮೇತ ಸೊಪ್ಪು ಹಾಕುತ್ತಾರೆ. ಕೆಲಸ ಹಗುರವಾಗಿದೆ, ಬೆಳೆ ಕೆಡುವುದು ಕಡಿಮೆಯಾಗಿದೆ. ಅದನ್ನು ನಷ್ಟ ಎಂದು ಬರೆಯಲು ನನಗೆ ಮನಸ್ಸಿಲ್ಲ. ನಾನು ಚಿಕ್ಕಬಳ್ಳಾಪುರದಲ್ಲಿ ಮನೆ ಮಾಡಿದ್ದೇನೆ, ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಬದುಕಿನಲ್ಲಿ ಮುಂದೆ ಬರಲು ಯಾವ ಅಭ್ಯಾಸ ಬೇಕು ಮೇಡಂ ಎಂದು ಮಕ್ಕಳು ಕೇಳಿದರೆ ನೋಡುವುದು, ಕಾಯುವುದು, ತಪ್ಪಿದ್ದನ್ನು ತಪ್ಪಿದ ಹಾಗೇ ಬರೆದಿಡುವುದು ಎನ್ನುತ್ತೇನೆ. ಅವರು ಅದನ್ನು ನೋಟ್ಸಿನಂತೆ ಬರೆದುಕೊಳ್ಳುತ್ತಾರೆ. ಬರೆದುಕೊಂಡರೆ ಬರುವಂಥದ್ದಲ್ಲ ಅದು ಎಂದು ನನಗೆ ಗೊತ್ತು.

ನನ್ನ ಮಗಳಿಗೆ ಈಗ ಒಂಬತ್ತು. ಚುರುಕು, ಎಲ್ಲದರಲ್ಲೂ ಮೊದಲು. ಅವಳಿಗೆ ಕ್ಲಾಸುಗಳಿವೆ, ಪುಸ್ತಕಗಳಿವೆ, ಕೇಳಿದ್ದಕ್ಕೆಲ್ಲ ಉತ್ತರ ಕೊಡುವ ತಾಯಿಯಿದ್ದಾಳೆ. ಆದರೆ ಬೆಳಿಗ್ಗೆ ಅವಳ ಕೈಗೆ ಒಪ್ಪಿಸಿ, ಬಸ್ಸು ಹತ್ತಿ, ಸಂಜೆಯ ತನಕ ಹಿಂತಿರುಗದೆ ನಾನು ಇರಬಹುದಾದಂಥ, ಜೀವವಿರುವ ಯಾವುದೊಂದೂ ನಮ್ಮ ಮನೆಯಲ್ಲಿಲ್ಲ. ಅವಳು ಕೆಡಿಸಬಹುದಾದದ್ದೇನನ್ನೂ ನಾನು ಅವಳಿಗೆ ಇನ್ನೂ ಕೊಟ್ಟಿಲ್ಲ.